ಚಪ್ಪರ ಬಿಚ್ಚಿದ ಮರುದಿನ

ದೊಡ್ಡಬಳ್ಳಾಪುರ ಸೀಮೆಯ ಮದುವೆ ಮನೆಗೆ ನೆಂಟರಿಗಿಂತ ಮೊದಲು ಬರುತ್ತಿದ್ದುದು ಮರ. ಅತ್ತಿಮರಕ್ಕೆ ಪೂಜೆ ಮಾಡಿ, ಹಾಲು ಜಿನುಗುವ ಹಸಿ ಕೊಂಬೆ ಕಡಿದು ತಂದು, ಅಂಗಳದಲ್ಲಿ ಹಾಲುಗಂಬ ನೆಟ್ಟ ಮೇಲೆಯೇ ಮಿಕ್ಕ ಕೆಲಸ. ಅದರ ಸುತ್ತ ಗಳ ಕಟ್ಟಿ, ತೆಂಗಿನ ಗರಿ ಹೊದಿಸಿ, ಮೇಲೆ ಹೊಂಗೆ ಸೊಪ್ಪು ಹಾಸಿದರೆ ಚಪ್ಪರ. ಬಾಗಿಲಿಗೆ ಬಾಳೆ ಕಂದು, ಮಾವಿನ ತೋರಣ. ಕುಂಬಾರರ ಮನೆಯಿಂದ ವಾಲಗದ ಸಮೇತ ಅರಿವೇಣಿ ಗಡಿಗೆಗಳು ಬರುತ್ತಿದ್ದವು. ಹೂಗಾರರು ಬೆಂಡಿನ ಬಾಸಿಂಗ ಕೊಡುತ್ತಿದ್ದರು. ಊಟಕ್ಕೆ ಮುತ್ತುಗದ ಎಲೆಯನ್ನು ಮನೆಯ ಹೆಂಗಸರೇ ತಿಂಗಳ ಮೊದಲಿನಿಂದ ಕಡ್ಡಿ ಚುಚ್ಚಿ ಹಚ್ಚಿಡುತ್ತಿದ್ದರು.

ಇವುಗಳಲ್ಲಿ ಪ್ರತಿಯೊಂದಕ್ಕೂ ಮರುದಿನ ಹೋಗಲು ಒಂದು ಜಾಗವಿತ್ತು. ಗಳ ಮತ್ತೆ ಅಟ್ಟಕ್ಕೆ, ಗರಿ ಒಲೆಗೆ, ಸೊಪ್ಪು ಮತ್ತು ಉಂಡೆಲೆ ತಿಪ್ಪೆಗೆ, ಮಿಕ್ಕ ಅನ್ನ ಕಲಗಚ್ಚಿಗೆ. ಗಡಿಗೆಯಲ್ಲಿ ಕಾಳು ತುಂಬಿಡುತ್ತಿದ್ದರು. ಮುಂಗಾರು ಹತ್ತಿರವಾದಾಗ ಅದೇ ತಿಪ್ಪೆಯ ಗೊಬ್ಬರ ಗಾಡಿ ಏರಿ ರಾಗಿ ಹೊಲಕ್ಕೆ ಹೋಗುತ್ತಿತ್ತು. ಮದುವೆಯ ಎಂಜಲು ಮುಂದಿನ ವರ್ಷದ ಹಿಟ್ಟಾಗುತ್ತಿತ್ತು.

ಪರಿಸರಸ್ನೇಹಿ ಮದುವೆ ಮಾಡಬೇಕೆಂದು ಹೊರಟವರು ಈಗ ಮೊದಲು ಅಲಂಕಾರದ ಮಾತಾಡುತ್ತಾರೆ. ಬೀಜದ ಕಾಗದದ ಆಹ್ವಾನ ಪತ್ರಿಕೆ, ಸೆಣಬಿನ ಚೀಲ, ತಾಂಬೂಲಕ್ಕೆ ಸಸಿ. ಇವು ಬೇಡವೆನ್ನುವುದಿಲ್ಲ. ಆದರೆ ಯೋಜನೆ ಶುರುವಾಗಬೇಕಾದ ಪ್ರಶ್ನೆ ಬೇರೆ: ಚಪ್ಪರದೊಳಕ್ಕೆ ಬರುವ ಪ್ರತಿಯೊಂದು ವಸ್ತುವೂ ಚಪ್ಪರ ಬಿಚ್ಚಿದ ಮರುದಿನ ಎಲ್ಲಿಗೆ ಹೋಗುತ್ತದೆ? ಇದನ್ನು ಮುಹೂರ್ತ ಗೊತ್ತುಮಾಡುವ ದಿನವೇ ಕೇಳಿಕೊಂಡ ಮನೆಯಲ್ಲಿ ಅರ್ಧ ಕೆಲಸ ಮುಗಿದಂತೆ.

ಈ ಪ್ರಶ್ನೆಯನ್ನು ರಾಜಘಟ್ಟದಲ್ಲಿ ನಿಂತು ಕೇಳಲು ಕಾರಣವಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಊರು ಇತಿಹಾಸ ಬಲ್ಲವರಿಗೆ ಬೌದ್ಧ ನೆಲೆಯಾಗಿ ಪರಿಚಿತ. 2000ದ ದಶಕದ ಆರಂಭದಲ್ಲಿ ಇಲ್ಲಿನ ದಿಬ್ಬವನ್ನು ಅಗೆದಾಗ ಚೈತ್ಯ, ವಿಹಾರಗಳ ತಳಪಾಯದ ಜೊತೆಗೆ ಮಣ್ಣಿನ ಪುಟ್ಟ ಹರಕೆ ಸ್ತೂಪಗಳು, ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳು ಸಿಕ್ಕವು. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಇಲ್ಲಿಗೆ ಬಂದುಹೋದ ಭಕ್ತರು ಹಿಂದೆ ಬಿಟ್ಟದ್ದು ಅದೇ ನೆಲದಲ್ಲಿ ಕರಗಿಹೋಗಬಲ್ಲ ಮಣ್ಣನ್ನು. ನಾವು ಬಿಡುತ್ತಿರುವುದು ಕಾಲು ಲೀಟರಿನ ನೀರಿನ ಬಾಟಲಿ, ಥರ್ಮೊಕೋಲಿನ ಹೆಸರು ಹಲಗೆ, ಮಿಂಚುವ ಪ್ಲಾಸ್ಟಿಕ್ ಚೂರುಗಳು.

ಇನ್ನೊಂದು ಕಾರಣ ಹೆಚ್ಚು ಕಹಿಯಾದದ್ದು. ಬೆಂಗಳೂರಿನ ಕಸದ ಒಂದು ಪಾಲು ಬರುವುದು ಇದೇ ತಾಲ್ಲೂಕಿಗೆ. ಗುಂಡ್ಲಹಳ್ಳಿ, ಚಿಗರೇನಹಳ್ಳಿ ಸುತ್ತಿನ ಹಳ್ಳಿಗಳ ಜನ ವರ್ಷಗಟ್ಟಲೆ ಧರಣಿ ಕೂತಿದ್ದಾರೆ, ಕಸದ ಲಾರಿಗಳನ್ನು ತಡೆದು ನಿಲ್ಲಿಸಿದ್ದಾರೆ. ಅದಕ್ಕೂ ಮೊದಲು ಯಲಹಂಕದ ಆಚೆಯ ಮಾವಳ್ಳಿಪುರ ಆ ಭಾರ ಹೊತ್ತಿತ್ತು. 2012ರಲ್ಲಿ ಅಲ್ಲಿನ ಗುಂಡಿ ಮುಚ್ಚಿದಾಗ ರಾಜಧಾನಿಯ ಬೀದಿಗಳಲ್ಲಿ ಕಸ ಕೊಳೆತು ನಾರಿದ್ದು ಹಲವರಿಗೆ ನೆನಪಿರಬಹುದು. ಅನ್ನ, ಸಾರು, ಎಲೆಗಳು ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ರಾಶಿಬಿದ್ದರೆ ಒಳಗೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಕೊಳೆತದ್ದರಿಂದ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಭೂಮಿಯನ್ನು ಕಾಯಿಸುವುದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು. ರಾಶಿಯ ಅಡಿಯಿಂದ ಇಳಿಯುವ ಕಪ್ಪು ರಸ ಮಣ್ಣಿನೊಳಗೆ ಇಂಗಿ ಬೋರ್‌ವೆಲ್ ಸೇರುತ್ತದೆ. ನಗರದ ದೊಡ್ಡ ಛತ್ರವೊಂದರಲ್ಲಿ ನೂರಾರು ಎಲೆಗಳನ್ನು ಬಾಟಲಿ ಸಮೇತ ಸುತ್ತಿ ಕಪ್ಪು ಚೀಲಕ್ಕೆ ತುಂಬುವವರಿಗೆ ಅದು ಕಣ್ಣಿಂದ ಮರೆಯಾದರೆ ಸಾಕು. ಇಲ್ಲಿಯವರಿಗೆ ಆ ಚೀಲದ ಕೊನೆಯ ವಿಳಾಸ ಗೊತ್ತು.

ಹಳ್ಳಿಯ ಮದುವೆಯೂ ಈಗ ಹಿಂದಿನಂತಿಲ್ಲ. ತಿಪ್ಪೆ ಅಲ್ಲೇ ಇದೆ, ಅದಕ್ಕೆ ಬೀಳುವ ವಸ್ತು ಬದಲಾಗಿದೆ. ಪ್ಲಾಸ್ಟಿಕ್ ಲೇಪದ ಕಾಗದದ ಲೋಟ, ಸಾಂಬಾರಿನ ಪುಟ್ಟ ಬಟ್ಟಲು, ಐಸ್‌ಕ್ರೀಮ್ ಚಮಚ ಎಲ್ಲವೂ ಗೊಬ್ಬರದ ಜೊತೆ ಹೊಲ ಸೇರಿ, ಉಳುವಾಗ ನೇಗಿಲಿಗೆ ಸಿಗುತ್ತವೆ. ಮೇಯುವ ದನ ಎಂಜಲೆಲೆಯ ಆಸೆಗೆ ಪ್ಲಾಸ್ಟಿಕ್ ನುಂಗುತ್ತದೆ. ಉಳಿದ ಅನ್ನ, ಪಾಯಸವನ್ನು ದನಕ್ಕೆ ಸುರಿಯುವುದು ಪುಣ್ಯವೆಂದು ತಿಳಿದವರು ಬಹಳ. ಆದರೆ ಹುಲ್ಲು ತಿನ್ನುವ ಹಸುವಿಗೆ ಒಂದೇ ಸಲಕ್ಕೆ ಬುಟ್ಟಿಗಟ್ಟಲೆ ಅನ್ನ ಹಾಕಿದರೆ ಹೊಟ್ಟೆಯಲ್ಲಿ ಆಮ್ಲ ಏರಿ ಅದು ಸಾಯಲೂಬಹುದು. ಪಶುವೈದ್ಯರು ಮದುವೆ, ಹಬ್ಬಗಳ ಮರುದಿನ ಈ ಕಾಯಿಲೆಯ ದನಗಳನ್ನು ನೋಡುತ್ತಾರೆ. ಬಾಳೆಲೆಯನ್ನು ಹಾಕಬಹುದು, ಅನ್ನವನ್ನು ಹಿಡಿಯಷ್ಟು, ಹಲವು ಕೊಟ್ಟಿಗೆಗಳಿಗೆ ಹಂಚಬೇಕು.

ಕಾನೂನು ಈ ವಿಷಯದಲ್ಲಿ ನಾವು ಎಣಿಸಿದ್ದಕ್ಕಿಂತ ಮುಂದಿದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶ ಪ್ಲಾಸ್ಟಿಕ್ ಚೀಲದ ಜೊತೆಗೆ ಫ್ಲೆಕ್ಸ್, ಬ್ಯಾನರ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನೂ ಊಟದ ಟೇಬಲ್ಲಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧ ದೇಶಕ್ಕೆಲ್ಲ ಜಾರಿಗೆ ಬಂತು. ಅಲಂಕಾರದ ಥರ್ಮೊಕೋಲ್, ಸಿಹಿತಿಂಡಿ ಡಬ್ಬಿಗೂ ಆಹ್ವಾನ ಪತ್ರಿಕೆಗೂ ಸುತ್ತುವ ತೆಳು ಪ್ಲಾಸ್ಟಿಕ್ ಅದರ ಪಟ್ಟಿಯಲ್ಲಿವೆ. ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಇನ್ನೂ ಒಂದು ಮಾತು ಹೇಳಿದವು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು; ಕಸವನ್ನು ಅಲ್ಲೇ ಬೇರ್ಪಡಿಸಿ ಒಪ್ಪಿಸಬೇಕು. ಅಂದರೆ ಮನೆ ಮುಂದೆ ಚಪ್ಪರ ಹಾಕಿ ಊರಿಗೆಲ್ಲ ಊಟ ಹಾಕುವವರಿಗೂ ಈ ಜವಾಬ್ದಾರಿ ಉಂಟು. ಪಂಚಾಯಿತಿಗೆ ಮೊದಲ ಲಗ್ನಪತ್ರಿಕೆ ಕೊಡುವ ರೂಢಿ ಬಂದರೆ ಚೆಂದ.

ಊಟ ಬಡಿಸುವುದು ಯಾವುದರ ಮೇಲೆ ಎಂಬ ಪ್ರಶ್ನೆ ಸುಲಭವಾಗಿ ಕಾಣುತ್ತದೆ, ಆದರೆ ಬೆಂಗಳೂರು ಗ್ರಾಮಾಂತರದಲ್ಲಿ ಅದು ಸುಲಭದ್ದಲ್ಲ. ನಗರದ ಪರಿಸರಾಸಕ್ತರು ಸ್ಟೀಲ್ ತಟ್ಟೆ ಎನ್ನುತ್ತಾರೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ತಟ್ಟೆ, ಲೋಟಗಳನ್ನು ಎರವಲು ಕೊಡಲು ‘ಪ್ಲೇಟ್ ಬ್ಯಾಂಕ್’ ನಡೆಸುತ್ತದೆ. ಒಳ್ಳೆಯ ಕೆಲಸ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಯಲ್ಲಿ ಇಟ್ಟಿದೆ. ಮಳೆ ಇಂಗಿಸುವುದಕ್ಕಿಂತ ಹೆಚ್ಚು ನೀರನ್ನು ನಾವು ಮೇಲೆತ್ತುತ್ತಿದ್ದೇವೆ. ಸಾವಿರದೈನೂರು ತಟ್ಟೆಗಳನ್ನು ಎರಡು ಹೊತ್ತು ತೊಳೆಯಲು ಟ್ಯಾಂಕರ್ ತರಿಸುವುದಾದರೆ ಆ ತಟ್ಟೆ ಇಲ್ಲಿಗೆ ಹೊಂದದು. ಬಾಳೆಲೆಗೆ ತೊಳೆಯುವ ಹಂಗಿಲ್ಲ, ಆದರೆ ಬಾಳೆ ಬೆಳೆಯಲು ಬೋರ್‌ವೆಲ್ ನೀರು ಬೇಕು. ಬರೀ ಮಳೆಯನ್ನು ನಂಬಿ, ಯಾರ ಆರೈಕೆಯೂ ಇಲ್ಲದೆ ಬೆಳೆಯುವುದು ಮುತ್ತುಗ. ಈ ನೆಲಕ್ಕೆ ಎಲ್ಲಕ್ಕಿಂತ ಹೊಂದುವ ಊಟದೆಲೆ ಅದೇ ಎಂಬುದು ನನ್ನ ಅಭಿಪ್ರಾಯ. ಕೊಳ್ಳುವಾಗ ಎಲೆಯ ಬೆನ್ನು ತಿರುಗಿಸಿ ನೋಡಬೇಕು. ಯಂತ್ರದಲ್ಲಿ ಒತ್ತಿದ ಎಷ್ಟೋ ಎಲೆಗಳಿಗೆ ಹಿಂಬದಿಯಲ್ಲಿ ಕಾಗದ, ಕೆಲವಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಪ್ಲಾಸ್ಟಿಕ್ ಅಂಟಿಸಿದ್ದು ತಿಪ್ಪೆಯಲ್ಲಿ ಕೊಳೆಯದು.

ಲೋಟದ ಮಾತು ಬೇರೆ. ತಟ್ಟೆಗೆ ಹೋಲಿಸಿದರೆ ಲೋಟ ತೊಳೆಯಲು ಸ್ವಲ್ಪವೇ ನೀರು ಸಾಕು. ಅದರ ಬದಲು ನೀರಿನ ಬಾಟಲಿಯನ್ನು ಸಾವಿರದೈನೂರು ಜನರಿಗೆ ತಲಾ ಎರಡರಂತೆ ಕೊಟ್ಟರೂ 3,000 ಬಾಟಲಿಗಳಾಗುತ್ತವೆ. ಅವುಗಳಲ್ಲಿ ಬಹಳಷ್ಟು ಅರ್ಧ ಕುಡಿದು ಬಿಟ್ಟಂಥವು. ಬೇಸಿಗೆಯಲ್ಲಿ ನೀರಿಗೆ ಬಾಯಿ ಬಿಡುವ ಜಿಲ್ಲೆಯಲ್ಲಿ ಆ ಉಳಿದ ನೀರನ್ನು ನೋಡಲಾಗದು. ಹೆಚ್ಚುಕಡಿಮೆ ಪ್ರತಿ ಹಳ್ಳಿಯಲ್ಲೂ ಶುದ್ಧ ಕುಡಿಯುವ ನೀರಿನ ಘಟಕವಿದೆ. ಅಲ್ಲಿಂದ 20 ಲೀಟರಿನ ಕ್ಯಾನ್ ತಂದು, ತಾಮ್ರದ ಹಂಡೆಗೋ ಮಣ್ಣಿನ ಬಾನಿಗೋ ತುಂಬಿ, ಸ್ಟೀಲ್ ಲೋಟದಲ್ಲಿ ಬಡಿಸಲು ಊರಿನ ಹುಡುಗರು ನಾಲ್ವರು ಸಾಕು. ಘಟಕದಲ್ಲಿ ಶುದ್ಧೀಕರಿಸಿ ಉಳಿಯುವ ಉಪ್ಪು ನೀರನ್ನು ಚರಂಡಿಗೆ ಬಿಡುತ್ತಾರೆ. ಮದುವೆಯ ಎರಡು ದಿನ ಅದನ್ನು ಹಿಡಿದಿಟ್ಟರೆ ಪಾತ್ರೆಯ ಮೊದಲ ತೊಳೆತಕ್ಕೆ, ಅಂಗಳಕ್ಕೆ ಹಾಕಲು ಒದಗುತ್ತದೆ.

ಅನ್ನದ ಲೆಕ್ಕಕ್ಕೆ ಬರೋಣ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ತಂಡ 2012ರಲ್ಲಿ ನಗರದ ಕಲ್ಯಾಣ ಮಂಟಪಗಳನ್ನು ಅಧ್ಯಯನ ಮಾಡಿ, ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಮದುವೆಗಳಲ್ಲೇ ಹಾಳಾಗುತ್ತದೆ ಎಂದು ಅಂದಾಜಿಸಿತ್ತು. ಜಗತ್ತಿನ ಲೆಕ್ಕವೂ ಗಾಬರಿ ಹುಟ್ಟಿಸುವಂಥದ್ದೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯ ಪ್ರಕಾರ 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ 105 ಕೋಟಿ ಟನ್ ಆಹಾರ ಕಸವಾಯಿತು. ರಾಗಿ ಬೆಳೆದು, ಕಣ ಮಾಡಿ, ತೂರಿ ಮನೆಗೆ ತಂದವರ ಮಕ್ಕಳು ನಾವು. ಬಡಿಸಿದ ಎಲೆಯಲ್ಲಿ ಅರ್ಧ ಬಿಟ್ಟು ಏಳುವುದನ್ನು ನಾವು ಮರ್ಯಾದೆಯ ಲಕ್ಷಣವೆಂದು ಯಾವಾಗ ತಿಳಿದೆವೋ!

ಹಾಳಾಗುವುದಕ್ಕೆ ಮುಖ್ಯ ಕಾರಣ ಎಷ್ಟು ಜನ ಬರುತ್ತಾರೆಂದು ಗೊತ್ತಿಲ್ಲದಿರುವುದು. ಅಡುಗೆಯವರು ಎಲೆ ಲೆಕ್ಕದಲ್ಲಿ ಮಾತಾಡುತ್ತಾರೆ. ಕಡಿಮೆಯಾದರೆ ಮನೆಯ ಮಾನ ಹೋಗುತ್ತದೆಂಬ ಭಯಕ್ಕೆ ಯಜಮಾನರು ಇನ್ನೂರು ಎಲೆ ಹೆಚ್ಚೇ ಹೇಳುತ್ತಾರೆ. ಇದಕ್ಕೊಂದು ಹಳೆಯ ಉಪಾಯವಿದೆ: ಅನ್ನ, ಸಾಂಬಾರನ್ನು ಒಂದೇ ಸಲ ಇಳಿಸದೆ ಪಂಕ್ತಿ ನೋಡಿಕೊಂಡು ಒಲೆ ಹಚ್ಚುವುದು. ತರಕಾರಿ ಹೆಚ್ಚಿಟ್ಟು, ಬೇಳೆ ಬೇಯಿಸಿಟ್ಟುಕೊಂಡರೆ ಕೊನೆಯ ಎರಡು ಪಂಕ್ತಿಗೆ ಬೇಕಾದಷ್ಟೇ ಒಗ್ಗರಣೆ ಬೀಳುತ್ತದೆ. ಬಗೆ ಕಡಿಮೆ ಮಾಡುವುದು ಇನ್ನೊಂದು ದಾರಿ. ಕೋಸಂಬರಿ, ಎರಡು ಪಲ್ಯ, ಹುಳಿ, ತಿಳಿಸಾರು, ಒಬ್ಬಟ್ಟು, ಮೊಸರು ಇದ್ದ ಎಲೆಯನ್ನು ಯಾರೂ ಬಡ ಊಟ ಎನ್ನರು. ಜನವರಿಯ ಮದುವೆಯಾದರೆ ಅವರೆಕಾಳು, ಅದರ ಮುಂದೆ ಪನ್ನೀರಿನ ಮಸಾಲೆಗೆ ಏನು ಜಾಗ? ಹಣ್ಣಿಗೆ ದೇವನಹಳ್ಳಿಯ ಚಕ್ಕೋತ, ಈ ಸೀಮೆಯ ಬೆಂಗಳೂರು ಬ್ಲೂ ದ್ರಾಕ್ಷಿ ಇವೆ. ಎರಡಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ವಿಮಾನದಲ್ಲಿ ಬಂದ ಹಣ್ಣು ಬೇಕಿಲ್ಲ.

ಮಿಕ್ಕಿದ್ದನ್ನು ಹಂಚುವ ಏರ್ಪಾಟು ಮುಹೂರ್ತಕ್ಕೆ ಮೊದಲೇ ಆಗಬೇಕು. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ಲಿಗೆ ಫೋನು ಮಾಡಿ ಹಳಸಲಿರುವ ಅನ್ನ ಕಳಿಸುವುದು ದಾನವಲ್ಲ. ಕೊನೆಯ ಪಂಕ್ತಿ ಏಳುವ ಮೊದಲೇ, ಕೈ ಹಾಕದ ಪಾತ್ರೆಯಿಂದ ತೆಗೆದಿಟ್ಟು ಬಿಸಿಯಿರುವಾಗಲೇ ಕಳಿಸಿದರೆ ಅದು ಊಟ.

ಮದುವೆ ಚಿಕ್ಕದಾಗಲಿ ಎನ್ನುವವರ ಮಾತನ್ನೂ ಕೇಳೋಣ. ಕುವೆಂಪು ‘ಮಂತ್ರ ಮಾಂಗಲ್ಯ’ ರೂಪಿಸಿದಾಗ ಅವರ ಕಣ್ಣ ಮುಂದಿದ್ದುದು ವರದಕ್ಷಿಣೆ, ಆಡಂಬರ, ಮದುವೆ ಸಾಲದಲ್ಲಿ ಮುಳುಗುವ ಮನೆಗಳು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಅದೇ ರೀತಿಯಲ್ಲಿ ನಡೆಯಿತು. ಮುಂದೆ ಕಾಡು, ಹಕ್ಕಿ, ಕೀಟಗಳ ಬಗ್ಗೆ ಕನ್ನಡಿಗರಿಗೆ ಅಷ್ಟೆಲ್ಲ ಹೇಳಿದ ತೇಜಸ್ವಿಯವರ ಸಂಸಾರ ನೆಲಕ್ಕೆ ಹೊರೆಯಾಗದ ಮದುವೆಯಿಂದ ಶುರುವಾದದ್ದು ನನಗೆ ಬಹಳ ಇಷ್ಟದ ಸಂಗತಿ. 1972ರಿಂದ ಧರ್ಮಸ್ಥಳದಲ್ಲಿ ನಡೆಯುತ್ತಿರುವ ಸಾಮೂಹಿಕ ವಿವಾಹವೂ ದುಂದುವೆಚ್ಚ ತಡೆಯಲು ಹುಟ್ಟಿದ್ದು. ಒಂದೇ ಮಂಟಪ, ಒಂದೇ ಅಡುಗೆಮನೆ, ಹಲವು ಜೋಡಿಗಳು. ನೆಲದ ಲೆಕ್ಕದಲ್ಲೂ ಅದು ಮಿತವಾದದ್ದು. 2020ರಲ್ಲಿ ಕೊರೊನಾ ಕಾಲದ 50 ಜನರ ಮಿತಿಯಲ್ಲಿ ಎಷ್ಟೋ ಊರುಗಳಲ್ಲಿ ಮದುವೆ ಮತ್ತೆ ಮನೆಬಾಗಿಲಿಗೆ ಬಂತು. ಆಗ ಸಾಲ ಉಳಿಯಿತೆಂದು ನಿಟ್ಟುಸಿರು ಬಿಟ್ಟ ತಂದೆತಾಯಿಗಳು ಕಡಿಮೆಯಲ್ಲ.

ಆದರೂ ರಾಜಘಟ್ಟದಂಥ ಊರಿನಲ್ಲಿ ‘ಐವತ್ತೇ ಜನರನ್ನು ಕರೆಯಿರಿ’ ಎಂದು ಉಪದೇಶಿಸುವುದು ಸರಿಯಲ್ಲ. ಇಲ್ಲಿ ಮುಯ್ಯಿ ಇದೆ. ಅವರ ಮನೆಯ ಮದುವೆಯಲ್ಲಿ ಉಂಡು, ಇವರ ಮನೆಯ ಮದುವೆಗೆ ಅಕ್ಕಿ ತಂದ ಲೆಕ್ಕಗಳು ಎರಡು ತಲೆಮಾರಿನವು. ಕರೆಯದೆ ಬಿಟ್ಟರೆ ಕಡಿಯುವುದು ಖರ್ಚಲ್ಲ, ಸಂಬಂಧ. ಊರವರು ನಡೆದುಕೊಂಡೇ ಚಪ್ಪರಕ್ಕೆ ಬರುತ್ತಾರೆ, ನೆಲದ ಮೇಲೆ ಕೂತು ಎಲೆಯಲ್ಲಿ ಉಣ್ಣುತ್ತಾರೆ. ಸಾವಿರ ಜನರ ಅಂಥ ಊಟದ ಹೊರೆ, ಇನ್ನೂರು ಜನ ಇನ್ನೂರು ಕಾರಿನಲ್ಲಿ ವಿಮಾನ ನಿಲ್ದಾಣದ ರಸ್ತೆಯ ರೆಸಾರ್ಟಿಗೆ ಬಂದು ಎರಡು ರಾತ್ರಿ ಎ.ಸಿ.ಯಲ್ಲಿ ತಂಗಿ ಹೋಗುವ ‘ಚಿಕ್ಕ’ ಮದುವೆಗಿಂತ ಕಡಿಮೆಯೇ ಇರುತ್ತದೆ. ಹಾಗಾಗಿ ಇಲ್ಲಿ ತಲೆ ಎಣಿಸುವುದನ್ನು ಬಿಟ್ಟು, ಸಮಾರಂಭಗಳನ್ನು ಎಣಿಸಬೇಕು. ಆರತಕ್ಷತೆಗೆ ಒಂದು ಛತ್ರ, ಮುಹೂರ್ತಕ್ಕೆ ಅದೇ ಛತ್ರದ ಎರಡನೆಯ ದಿನದ ಬಾಡಿಗೆ, ಬೀಗರ ಊಟಕ್ಕೆ ಇನ್ನೊಂದು ಜಾಗ. ಪ್ರತಿ ಸಮಾರಂಭಕ್ಕೂ ಬೇರೆ ಅಲಂಕಾರ, ಬೇರೆ ಜನರೇಟರು, ಮತ್ತೊಮ್ಮೆ ಬಸ್ಸು. ಒಂದೇ ಚಪ್ಪರದಡಿ ಧಾರೆಯೂ ಮರುದಿನದ ಬೀಗರ ಬಾಡೂಟವೂ ನಡೆದರೆ ಮೂರರಲ್ಲಿ ಎರಡು ಭಾಗ ಅಲ್ಲೇ ಉಳಿಯುತ್ತದೆ. ಗಂಡಿನ ಕಡೆಯವರಿಗೆ ಒಂದು ಬಸ್ಸು ಗೊತ್ತುಮಾಡಿದರೆ ಹತ್ತಾರು ಕಾರುಗಳು ಮನೆಯಲ್ಲೇ ನಿಲ್ಲುತ್ತವೆ.

ತಿಂಗಳ ಆಯ್ಕೆಯೂ ಪರಿಸರದ ಆಯ್ಕೆಯೇ. ರಾಗಿ ಕೊಯ್ದು ಕಣ ಮುಗಿದ ಮೇಲೆ, ಕೈಯಲ್ಲಿ ಕಾಳು ಕಾಸು ಇರುವಾಗ ಮದುವೆ ಮಾಡುತ್ತಿದ್ದ ಹಿರಿಯರು ಮಾಘವನ್ನು ನೆಚ್ಚಿದ್ದಕ್ಕೆ ಅರ್ಥವಿದೆ. ಆಗ ಬಾವಿಯಲ್ಲಿ ನೀರಿರುತ್ತದೆ, ತೋಟದಲ್ಲಿ ಸೇವಂತಿಗೆ ಇರುತ್ತದೆ, ಚಪ್ಪರದ ನೆರಳಿಗೆ ಫ್ಯಾನೂ ಬೇಡ. ವೈಶಾಖದ ಲಗ್ನಕ್ಕೆ ಟ್ಯಾಂಕರ್, ಕೂಲರ್, ಜನರೇಟರ್ ಮೂರೂ ಬೇಕು.

ಹೂವಿನ ವಿಷಯಕ್ಕೆ ಬಂದಾಗ ನನಗೆ ಸಿಟ್ಟು ಬರುತ್ತದೆ. ಸೇವಂತಿಗೆ, ಚೆಂಡುಹೂ, ಕನಕಾಂಬರ, ರೋಜಾ ಬೆಳೆಯುವ ರೈತರು ಕೈಯಳತೆಯಲ್ಲಿದ್ದಾರೆ. ಬೆಲೆ ಕುಸಿದಾಗ ರಸ್ತೆಗೆ ಹೂ ಸುರಿಯುತ್ತಾರೆ. ಅವರ ಊರಿನ ಮಂಟಪಕ್ಕೇ ಪ್ಲಾಸ್ಟಿಕ್ ಹೂ ಕಟ್ಟುತ್ತೇವೆ. ಹೂವು ಚುಚ್ಚಿ ನಿಲ್ಲಿಸಲು ಬಳಸುವ ಹಸಿರು ಸ್ಪಂಜಿನ ಇಟ್ಟಿಗೆಯೂ ಪ್ಲಾಸ್ಟಿಕ್ಕೇ. ಮುಟ್ಟಿದರೆ ಪುಡಿಯಾಗುತ್ತದೆ, ನೀರಿನಲ್ಲಿ ಕರಗದು, ಕೆರೆ ಸೇರಿದರೆ ಅಲ್ಲೇ ಉಳಿಯುತ್ತದೆ. ಬಾಳೆದಿಂಡಿಗೆ ಚುಚ್ಚಿದರೆ ಹೂ ಒಂದು ದಿನ ಬಾಡದು, ದಿಂಡು ಮರುದಿನ ದನಕ್ಕಾಗುತ್ತದೆ. ನಮ್ಮ ಸೀಮೆಯ ಹೂವಾಡಿಗರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ, ಕೇಳಬೇಕಷ್ಟೆ. ಸೀರೆಗೂ ಇದೇ ಮಾತು. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಮಗ್ಗದ ಸದ್ದು ಕೇಳುತ್ತಲೇ ಇದೆ, ಹೊರರಾಜ್ಯದ ಅಗ್ಗದ ಸೀರೆಯ ಪೈಪೋಟಿಯಲ್ಲಿ ನೇಕಾರರು ಕಷ್ಟಪಡುತ್ತಿದ್ದಾರೆ. ಬೀಗಿತಿಯರಿಗೆ ಉಡುಗೊರೆ ಕೊಡುವ ಸೀರೆಗಳನ್ನು ನೇಯ್ದವರ ಮನೆಯಿಂದಲೇ ಕೊಂಡರೆ ದಾರಿಯೂ ಉಳಿಯುತ್ತದೆ, ಮಗ್ಗವೂ.

ಆಹ್ವಾನ ಪತ್ರಿಕೆಯ ಮಾತಿಗೆ ಬಂದರೆ, 2016ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಮಾಜಿ ಸಚಿವರೊಬ್ಬರ ಮನೆಯ ಮದುವೆಗೆ ಎಲ್‌ಸಿಡಿ ಪರದೆಯ ಆಹ್ವಾನ ಪತ್ರಿಕೆ ಹಂಚಲಾಗಿತ್ತು. ಒಮ್ಮೆ ನೋಡಿ ಬದಿಗಿಟ್ಟ ಆ ಪರದೆ, ಬ್ಯಾಟರಿಗಳು ಇ-ತ್ಯಾಜ್ಯ. ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಹಿರಿಯರಿಗೆ ಮಾತ್ರ ಅರಿಶಿನ ಹಚ್ಚಿದ ಒಂದು ಹಾಳೆಯ ಪತ್ರಿಕೆಯನ್ನು ಮನೆಗೇ ಹೋಗಿ ಕೊಟ್ಟರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ತಾಂಬೂಲದ ಜೊತೆ ಸಸಿ ಹಂಚುವುದು ಈಗ ಹೆಚ್ಚಾಗಿದೆ. ಕಪ್ಪು ಪ್ಲಾಸ್ಟಿಕ್ ಚೀಲದ ಸಸಿ ಹಿಡಿದು ಬಸ್ ಹತ್ತಿದವರಲ್ಲಿ ನೆಡಲು ಜಾಗ ಇರುವವರು ಎಷ್ಟು ಮಂದಿ? ಸಾವಿರ ಸಸಿ ಹಂಚುವುದರ ಬದಲು ಊರ ಗುಂಡುತೋಪಿನಲ್ಲಿ ಐದು ಗಿಡ ನೆಟ್ಟು ಮೂರು ಬೇಸಿಗೆ ನೀರು ಹೊರುವುದು ದೊಡ್ಡ ಕೆಲಸ. ಬಯಲುಸೀಮೆಯ ಊರಿಗೊಂದರಂತೆ ಇದ್ದ ಈ ತೋಪುಗಳು ಒತ್ತುವರಿಗೂ ನಿವೇಶನಕ್ಕೂ ಹೋಗುತ್ತಿವೆ. ನೆಡುವ ಐದರಲ್ಲಿ ಅತ್ತಿ, ಹೊಂಗೆ, ಮಾವು, ನೇರಳೆ, ಮುತ್ತುಗ ಇರಲಿ. ಮುಂದಿನ ತಲೆಮಾರಿನ ಹಾಲುಗಂಬಕ್ಕೂ ಚಪ್ಪರಕ್ಕೂ ಎಲೆಗೂ ಅವೇ ಬೇಕು. ಅತ್ತಿಮರ ಇಲ್ಲದ ಊರಿನಲ್ಲಿ ಹಾಲುಗಂಬದ ಶಾಸ್ತ್ರಕ್ಕೂ ನೆಲೆಯಿಲ್ಲ.

ಒಂದು ಮನೆಯ ಸಂಕಲ್ಪದಿಂದ ಆಗುವುದು ಇಷ್ಟು. ಉಳಿದದ್ದಕ್ಕೆ ಊರು ಬೇಕು. ಕೇರಳದಲ್ಲಿ ಶುಚಿತ್ವ ಮಿಷನ್ 2015ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪ್ರಯೋಗಿಸಿದ ‘ಹಸಿರು ಶಿಷ್ಟಾಚಾರ’ ಆಮೇಲೆ ಮದುವೆಗಳಿಗೂ ಬಂತು, ಸ್ಥಳೀಯ ಸಂಸ್ಥೆಗಳು ಮುಂದೆ ನಿಂತು ಬಳಸಿ ಎಸೆಯುವ ತಟ್ಟೆ ಲೋಟಗಳನ್ನು ಛತ್ರಗಳಿಂದ ಹೊರಗಿಟ್ಟವು. ಬೆಂಗಳೂರಿನಲ್ಲಿ ಕಸ ಆಯುವವರ ಸಂಘಟನೆಯಾದ ಹಸಿರುದಳದಿಂದ ಬೆಳೆದ ಸಂಸ್ಥೆ ಸಮಾರಂಭಗಳ ಕಸವನ್ನು ಸ್ಥಳದಲ್ಲೇ ಬೇರ್ಪಡಿಸುವ ಕೆಲಸವನ್ನು ವೃತ್ತಿಯಾಗಿ ಮಾಡುತ್ತಿದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಈಗ ಹೆಣ್ಣುಮಕ್ಕಳೇ ಓಡಿಸುವ ‘ಸ್ವಚ್ಛ ವಾಹಿನಿ’ ಗಾಡಿಗಳಿವೆ, ಸ್ತ್ರೀಶಕ್ತಿ ಸಂಘಗಳಿವೆ. ಸಂಘವೊಂದು ಸಾವಿರ ಸ್ಟೀಲ್ ಲೋಟ, ಬಟ್ಟಲು, ಹಂಡೆಗಳನ್ನು ಇಟ್ಟುಕೊಂಡು ಮದುವೆಗಳಿಗೆ ಬಾಡಿಗೆ ಕೊಡಬಹುದು. ಅದರ ಆದಾಯದಲ್ಲಿ ಮುತ್ತುಗದೆಲೆ ಹಚ್ಚುವ ಕೆಲಸವನ್ನೂ ನಡೆಸಬಹುದು. ಗಾಡಿಯವರಿಗೆ ಮೊದಲೇ ಹೇಳಿದರೆ ಒಣ ಕಸಕ್ಕೆ ಬೇರೆ ಚೀಲ ತಂದು ನಿಲ್ಲಿಸುತ್ತಾರೆ. ಆ ಕೆಲಸಕ್ಕೆ ಛತ್ರದ ಬಾಡಿಗೆಯ ಹಾಗೆಯೇ ಒಂದು ದರ ಗೊತ್ತುಮಾಡಿ ಮುಂಗಡ ಕೊಡಬೇಕು. ಊಟದ ಹೊತ್ತಿಗೆ ಅವರನ್ನು ಕೊನೆಗೆ ನಿಲ್ಲಿಸದೆ ನೆಂಟರ ಜೊತೆ ಮೊದಲ ಪಂಕ್ತಿಯಲ್ಲೇ ಕೂರಿಸಬೇಕು.